ದೊಡ್ಡಪ್ಪನ ವಿಡಿಯೋ: ಫ್ಯಾಮಿಲಿ ಗ್ರೂಪಿನ ಜಗಳ

ಚಿಕ್ಕಪ್ಪ: 📹 ನೋಡಿ ನಮ್ಮಣ್ಣನ ನಾಟಕ. ಬಾಗಿಲಲ್ಲಿ ಕಂಬದ ಹಾಗೆ ನಿಂತುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಅದೇ ಮನುಷ್ಯ ದಡದಡ ಮೆಟ್ಟಿಲು ಹತ್ತಿದ! ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ? 😄

ಅತ್ತೆ: ನನಗೂ ಹಾಗೇ ಅನಿಸಿದೆ. ಏನು ಮಾತಾಡಿಸಿದರೂ ಮುಖದಲ್ಲಿ ಒಂದು ನಗು ಇಲ್ಲ. ಕೈಯಂತೂ ನಡುಗುವುದೇ ಇಲ್ಲ. ಅದು ಹೇಗೆ ಪಾರ್ಕಿನ್ಸನ್ಸ್ ಕಾಯಿಲೆ ಆಗುತ್ತದೆ?

ಅಕ್ಕ (ದೊಡ್ಡಪ್ಪನ ಮಗಳು): ಚಿಕ್ಕಪ್ಪ, ಮೊದಲು ಆ ವಿಡಿಯೋ ತೆಗೆಯಿರಿ. ಅಪ್ಪನೂ ಈ ಗ್ರೂಪಿನಲ್ಲಿದ್ದಾರೆ. ಬಾಗಿಲು, ತಿರುವು, ಇಕ್ಕಟ್ಟಾದ ಜಾಗ ಬಂದರೆ ಕಾಲು ಮೇಲೇಳುವುದೇ ಇಲ್ಲ. ಡಾಕ್ಟರು ಫ್ರೀಜಿಂಗ್ ಅನ್ನುತ್ತಾರೆ. ಮೆಟ್ಟಿಲಲ್ಲಿ ಹಾಗಲ್ಲ, ಒಂದೊಂದು ಅಂಚೂ ಕಣ್ಣಿಗೆ ಕಾಣುತ್ತದೆ, ಕಾಲು ಎಲ್ಲಿಡಬೇಕು ಅಂತ ಗೊತ್ತಾಗುತ್ತದೆ. ಅದಕ್ಕೇ ಕೆಲವರಿಗೆ ಬರೀ ನೆಲಕ್ಕಿಂತ ಮೆಟ್ಟಿಲೇ ಸಲೀಸು.

ಚಿಕ್ಕಪ್ಪ: ಕಾಯಿಲೆ ಗಂಟೆಗೊಂದು ಸಲ ಬಂದು ಹೋಗುತ್ತದಾ?

ನಾನು: ಕಾಯಿಲೆ ಎಲ್ಲೂ ಹೋಗುವುದಿಲ್ಲ, ಮಾತ್ರೆಯ ಬಲ ಬಂದು ಹೋಗುತ್ತದೆ. ಮಿದುಳಿನಲ್ಲಿ ಡೋಪಮೈನ್ ಅನ್ನುವ, ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಬರುತ್ತವೆ, ದೊಡ್ಡಪ್ಪ ನುಂಗುವ ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ, ಆದರೆ ವರ್ಷ ಕಳೆದ ಹಾಗೆ ಒಂದು ಡೋಸ್ ಮೊದಲಿನಷ್ಟು ಹೊತ್ತು ಬಾಳುವುದಿಲ್ಲ. ನಿಮ್ಮ ವಿಡಿಯೋದಲ್ಲೇ ಗೋಡೆ ಗಡಿಯಾರ ನೋಡಿ, 12.20. ಅವರ ಮಾತ್ರೆ 12ಕ್ಕೆ. ಹೊರಡುವ ಗಡಿಬಿಡಿಯಲ್ಲಿ ಯಾರೂ ಕೊಟ್ಟಿಲ್ಲ. ಹಿಂದಿನಿಂದ "ಬೇಗ, ಬೇಗ" ಅನ್ನುವ ದನಿ ಯಾರದು? ಅವಸರ ಮಾಡಿದಷ್ಟೂ ಕಾಲು ಇನ್ನೂ ಕಚ್ಚಿಕೊಳ್ಳುತ್ತದೆ.

ಅತ್ತೆ, ನಡುಕ ಎಲ್ಲರಿಗೂ ಬರುವುದಿಲ್ಲ. ಮುಖದ ಸ್ನಾಯುಗಳ ಚಲನೆಯೂ ಕಡಿಮೆಯಾಗುತ್ತದೆ, ಒಳಗೆ ನಗು ಬಂದರೂ ಹೊರಗೆ ಕಾಣುವುದಿಲ್ಲ. 1817ರಲ್ಲಿ ಈ ಕಾಯಿಲೆ ಬಗ್ಗೆ ಬರೆದ ಜೇಮ್ಸ್ ಪಾರ್ಕಿನ್ಸನ್ ಕೂಡ ಕೆಲವರನ್ನು ಬೀದಿಯಲ್ಲಿ ನೋಡಿಯೇ ಬರೆದದ್ದು. ನಾಟಕ ಅನ್ನಲಿಲ್ಲ.

ಚಿಕ್ಕಪ್ಪ: ಸರಿ ಮಾರಾಯ. ಡೋಸ್ ಜಾಸ್ತಿ ಮಾಡಿ, ಮುಗಿಯಿತಲ್ಲ?

ಅಕ್ಕ: ಜಾಸ್ತಿಯಾದರೆ ಕೈಕಾಲು, ಕುತ್ತಿಗೆ ತಾವಾಗೇ ತಿರುಚಾಡುತ್ತವೆ. ನಾವಾಗಿ ಹೆಚ್ಚಿಸುವ ಹಾಗಿಲ್ಲ, ತಟ್ಟನೆ ನಿಲ್ಲಿಸುವುದಂತೂ ಅಪಾಯ. ಅದು ಡಾಕ್ಟರ ಕೆಲಸ. ಹೊತ್ತಿಗೆ ಸರಿಯಾಗಿ ಕೊಡುವುದು ನಮ್ಮ ಕೆಲಸ.

ಚಿಕ್ಕಪ್ಪ: ಕೈ ಹಿಡಿದು ಎಳೆದೆ, ಬಿದ್ದೇ ಬಿಡುತ್ತಿದ್ದ. ಮತ್ತೇನು ಮಾಡಬೇಕಿತ್ತು?

ಅಕ್ಕ: ಎಳೆಯಲೇಬೇಡಿ! ಮೈ ಮುಂದೆ ಬರುತ್ತದೆ, ಕಾಲು ಅಲ್ಲೇ ಉಳಿಯುತ್ತದೆ. ಸುಮ್ನೆ ಒಂದು ಕ್ಷಣ ನಿಲ್ಲಲು ಬಿಡಿ. ಭಾರವನ್ನು ಎಡಕ್ಕೆ, ಬಲಕ್ಕೆ ಹಾಕಲು ಹೇಳಿ. ಆಮೇಲೆ ಒಂದು, ಎರಡು ಅಂತ ಎಣಿಸಿ. ಇಲ್ಲ, ಅವರ ಮುಂದೆ ನಿಮ್ಮ ಪಾದ ಅಡ್ಡ ಇಟ್ಟು "ದಾಟು" ಅನ್ನಿ. ನಮ್ಮ ಮನೆಯಲ್ಲಿ ಬಾಗಿಲ ಹತ್ತಿರ ನೆಲಕ್ಕೆ ಬಣ್ಣದ ಟೇಪ್ ಪಟ್ಟಿ ಅಂಟಿಸಿದ್ದೇವೆ.

ಅತ್ತೆ: ಆ ಪಟ್ಟಿ ನೋಡಿ ಮಕ್ಕಳ ಆಟ ಅಂದುಕೊಂಡಿದ್ದೆ.

ದೊಡ್ಡಪ್ಪ: ಎಲ್ಲ ಓದಿದೆ. ಟೈಪ್ ಮಾಡಲು ಹೊತ್ತು ಹಿಡಿಯಿತು. ವಿಡಿಯೋ ತೆಗಿ. ಎಣಿಸುವಾಗ ಕಿರುಚಬೇಡ, ಕಿವಿ ಚೆನ್ನಾಗಿಯೇ ಇದೆ.

ಚಿಕ್ಕಪ್ಪ: ಡಿಲೀಟ್ ಮಾಡಿದೆ ಅಣ್ಣ.

ಅತ್ತೆ: ನನಗೆ ಇನ್ನೂ ಕಾಣಿಸುತ್ತಿದೆ. "ಡಿಲೀಟ್ ಫಾರ್ ಎವ್ರಿವನ್" ಒತ್ತೋ.