165 ಸೆಂ.ಮೀ. ಎತ್ತರಕ್ಕೆ ತೂಕ ಎಷ್ಟಿರಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಗಂಡಸು, ವಯಸ್ಸು 38, ಎತ್ತರ 165 ಸೆಂ.ಮೀ., ತೂಕ 71 ಕೆಜಿ. ಸರಿಯಾದ ತೂಕ ಎಷ್ಟು ಅಂತ ಲೆಕ್ಕ ಹಾಕಲು ಕೂತರೆ ಒಂದೊಂದು ಸೂತ್ರ ಒಂದೊಂದು ಉತ್ತರ ಕೊಡುತ್ತಿದೆ. ಎತ್ತರದಲ್ಲಿ 100 ಕಳೆದರೆ 65. ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಅಂಕಿ) 18.5ರಿಂದ 24.9ರೊಳಗೆ ಇರಬೇಕು ಅಂತ ಹಿಡಿದರೆ ಸುಮಾರು 50ರಿಂದ 68ರವರೆಗೆ ಎಲ್ಲವೂ ಸರಿಯೇ, ಇಷ್ಟು ಅಗಲ ಇದ್ದರೆ ಗುರಿ ಇಡುವುದು ಎಲ್ಲಿ ಹೇಳಿ! ನಾನು 50ಕ್ಕೆ ಇಳಿದರೆ ಮನೆಯವರೇ ಗುರುತು ಹಿಡಿಯಲ್ಲ. ಮೂಳೆ, ಸ್ನಾಯು ಇದರಲ್ಲಿ ಲೆಕ್ಕಕ್ಕೇ ಬರಲ್ಲ, ಅಲ್ವಾ? ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕಂತೆ, ಟೇಪು ಹಿಡಿದು ನೋಡಿದೆ, ಹೊಟ್ಟೆ ಒಳಗೆ ಎಳೆದುಕೊಂಡರೂ 88 ಸೆಂ.ಮೀ.! ಸುಮ್ನೆ ಕಾಟಾ ನೋಡುವ ಬದಲು ಇದನ್ನೇ ನಂಬಬಹುದಾ? ತಿಳಿದವರು ಹೇಳಿ.