ರಜೆ ಸುದ್ದಿ ಹಾಕಿದ ಕೂಡಲೇ ಸೈಟ್ 504: ದೊಡ್ಡ ಸರ್ವರ್ ತಗೊಳ್ಳೋದಾ, ಇನ್ನೊಂದು ಸೇರಿಸೋದಾ?

ಸಾಗರ_ಧಾರಣೆ:
ನಮಸ್ಕಾರ. ಸಾಗರದಿಂದ ಒಂದು ಸೈಟ್ ನಡೆಸ್ತಿದ್ದೇವೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಯ ಧಾರಣೆ, ಲಿಂಗನಮಕ್ಕಿ-ಭದ್ರಾ-ತುಂಗಾ ನೀರಿನ ಮಟ್ಟ, ತಾಲ್ಲೂಕುವಾರು ಮಳೆ, ಶಾಲೆ ರಜೆ, ಇಷ್ಟೇ ವಿಷಯ. ಬೇಸಿಗೆಯಲ್ಲಿ ತೊಂದರೆ ಇಲ್ಲ. ಜುಲೈ ಮಳೆ ಹಿಡೀತು ಅಂದ್ರೆ ಸಂಜೆ ಹೊತ್ತಿಗೆ "ನಾಳೆ ರಜೆ ಇದ್ಯಾ" ಅಂತ ಜನ ಮುಗಿಬೀಳ್ತಾರೆ. ಜಿಲ್ಲಾಧಿಕಾರಿಗಳ ಆದೇಶ ಬಂದ ಕೂಡಲೇ ಟೆಲಿಗ್ರಾಂನಲ್ಲಿ ಲಿಂಕ್ ಹಾಕ್ತೇವೆ. ಎರಡು ನಿಮಿಷದೊಳಗೆ 504, ಅಂದ್ರೆ ಸಮಯಕ್ಕೆ ಉತ್ತರ ಬರಲಿಲ್ಲ ಅನ್ನೋ ದೋಷ.

ಸರ್ವರ್ 2 ಕೋರ್, 4 ಜಿಬಿ ರ‍್ಯಾಮ್. ಉಬುಂಟು, ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್), ಪಿಎಚ್‌ಪಿ-ಎಫ್‌ಪಿಎಂ (ಪುಟ ತಯಾರಿಸೋದು), ಮೈಎಸ್‌ಕ್ಯೂಎಲ್ (ಡೇಟಾಬೇಸ್) ಎಲ್ಲ ಒಂದರಲ್ಲೇ. ಲೋಡ್ ಆವರೇಜ್ (ಓಡ್ತಿರೋ, ಸರದಿ ಕಾಯ್ತಿರೋ ಕೆಲಸಗಳ ಸರಾಸರಿ) 22ಕ್ಕೆ ಹೋಗುತ್ತೆ. ಪಿಎಚ್‌ಪಿ ಲಾಗ್‌ನಲ್ಲಿ ಮ್ಯಾಕ್ಸ್ ಚಿಲ್ಡ್ರನ್ (ಒಟ್ಟಿಗೆ ಓಡಬಹುದಾದ ಪಿಎಚ್‌ಪಿ ಪ್ರೊಸೆಸ್‌ಗಳ ಮಿತಿ) 20 ಮುಟ್ಟಿದೆ, ಹೆಚ್ಚಿಸಿ ಅಂತ ಎಚ್ಚರಿಕೆ. ಒಬ್ಬರು ಅದನ್ನ 100 ಮಾಡಿ ಅಂದ್ರು, ಇನ್ನೊಬ್ಬರು 8 ಕೋರ್ ತಗೊಳ್ಳಿ ಅಂದ್ರು, ಮತ್ತೊಬ್ಬರು ಮೂರು ಸರ್ವರ್ ಇಟ್ಟು ಮುಂದೆ ಕೆಲಸ ಹಂಚೋ ಲೋಡ್ ಬ್ಯಾಲೆನ್ಸರ್ ಹಾಕಿ ಅಂತಾರೆ. ಯಾವುದು ಸರಿ?

ಮಂಡಗದ್ದೆ_ಲಿನಕ್ಸ್:
ಸದ್ಯಕ್ಕೆ ಮೂರೂ ಬೇಡ ಮಾರಾಯ್ರೆ. 100 ಅಂತೂ ಮುಟ್ಟಲೇಬೇಡಿ. ಒಂದು ಪಿಎಚ್‌ಪಿ ಪ್ರೊಸೆಸ್ 50 ಎಂಬಿ ತಿಂದರೆ ನೂರಕ್ಕೆ 5 ಜಿಬಿ ಆಯ್ತು, ನಿಮ್ಮ ಹತ್ರ ಇರೋದೇ 4. ರ‍್ಯಾಮ್ ಮುಗಿದಾಗ ಕರ್ನಲ್ ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದದ್ದನ್ನೇ ಕೊಲ್ಲೋದು, ಅದು ಬಹುಪಾಲು ನಿಮ್ಮ ಮೈಎಸ್‌ಕ್ಯೂಎಲ್.

ತೊಂದರೆ ಇರುವಾಗಲೇ ಟಾಪ್ ಕಮಾಂಡ್ ಕೊಟ್ಟು ನೋಡಿ ಹೇಳಿ: ಸಿಪಿಯು ತಿಂತಿರೋದು ಯಾರು, ಡಬ್ಲ್ಯೂಎ ಎಷ್ಟು, ಎಸ್‌ಟಿ ಎಷ್ಟು? ಡಬ್ಲ್ಯೂಎ ಜಾಸ್ತಿ ಇದ್ದರೆ ಡಿಸ್ಕ್ ಸಮಸ್ಯೆ. ಎಸ್‌ಟಿ ಜಾಸ್ತಿ ಇದ್ದರೆ ಅದೇ ಯಂತ್ರದಲ್ಲಿರೋ ಬೇರೆ ಗಿರಾಕಿಗಳು ನಿಮ್ಮ ಪಾಲಿನ ಸಿಪಿಯು ಎಳೀತಿದಾರೆ ಅಂತ ಅರ್ಥ. ಜೊತೆಗೆ ಆಕ್ಸೆಸ್ ಲಾಗ್‌ನಲ್ಲಿ ಅತಿ ಹೆಚ್ಚು ದಟ್ಟಣೆ ಇದ್ದ ಒಂದು ನಿಮಿಷ ಹಿಡಿದು, ಚಿತ್ರ-ಸಿಎಸ್‌ಎಸ್ ಬಿಟ್ಟು ಎಷ್ಟು ಪುಟ ಕೇಳಿದ್ದಾರೆ ಎಣಿಸಿ. ಸ್ಲೋ ಕ್ವೆರಿ ಲಾಗ್ (ಡೇಟಾಬೇಸ್‌ನಲ್ಲಿ ನಿಧಾನವಾದ ಕ್ವೆರಿಗಳ ದಾಖಲೆ) ಆನ್ ಮಾಡಿ. ಅದರ ಮಿತಿ ಮೊದಲೇ 10 ಸೆಕೆಂಡ್ ಇರುತ್ತೆ, ಅರ್ಧ ಸೆಕೆಂಡಿಗೆ ಇಳಿಸದಿದ್ದರೆ ಏನೂ ಸಿಗಲ್ಲ.

ಸಾಗರ_ಧಾರಣೆ:
ನಿನ್ನೆ ಸಂಜೆ ನೋಡಿದೆ ಸರ್. ಮೈಎಸ್‌ಕ್ಯೂಎಲ್ ಒಂದೇ 185% ಸಿಪಿಯು. ಡಬ್ಲ್ಯೂಎ 2, ಎಸ್‌ಟಿ 0. ದಟ್ಟ ನಿಮಿಷದಲ್ಲಿ 2,400 ಪುಟ. ಸ್ಲೋ ಲಾಗ್ ತುಂಬ ಒಂದೇ ಕ್ವೆರಿ: ಪ್ರತಿ ಮಾರುಕಟ್ಟೆಯ ಪ್ರತಿ ಬಗೆ ಅಡಿಕೆಗೆ ಕೊನೆಯ ಧಾರಣೆ ತೆಗೆಯೋದು. ಜನ ಇಲ್ಲದ ಹೊತ್ತಲ್ಲೂ 0.6 ಸೆಕೆಂಡ್ ಹಿಡಿಯುತ್ತೆ. ಎಕ್ಸ್‌ಪ್ಲೇನ್ ಕೊಟ್ಟರೆ ಟೈಪ್ 'ಆಲ್' (ಇಡೀ ಟೇಬಲ್ ಓದ್ತಿದೆ), ಸಾಲು ಸುಮಾರು 6 ಲಕ್ಷ. ಈ ಪಟ್ಟಿ ಎಲ್ಲ ಪುಟದ ಬದಿಯಲ್ಲೂ ಇದೆ, ರಜೆ ಪುಟದಲ್ಲೂ.

ಮಂಡಗದ್ದೆ_ಲಿನಕ್ಸ್:
ಸಿಕ್ಕಿಬಿತ್ತು. ಈಗ ಲೆಕ್ಕ ಹಾಕೋಣ, ಈ ಲೆಕ್ಕ ಹಾಕದೆ ಯಾರೂ ಸರ್ವರ್‌ಗೆ ದುಡ್ಡು ಸುರಿಯಬಾರದು ಅನ್ನೋದು ನನ್ನ ಹಟ.

2,400 ಪುಟ ಅಂದ್ರೆ ಸೆಕೆಂಡಿಗೆ 40. ಒಂದು ಪುಟಕ್ಕೆ 0.6 ಸೆಕೆಂಡ್ ಸಿಪಿಯು ಬೇಕಾದರೆ 2 ಕೋರ್‌ನಿಂದ ಸೆಕೆಂಡಿಗೆ ಮೂರು ಪುಟ ಹೊರಡಬಹುದು. ಉಳಿದ 37 ಸಾಲಿನಲ್ಲಿ. ಎನ್‌ಜಿನ್‌ಎಕ್ಸ್ 60 ಸೆಕೆಂಡ್ ಕಾದು 504 ಕೊಡುತ್ತೆ. ಅಷ್ಟರಲ್ಲಿ ಜನ ಮತ್ತೆ ಮತ್ತೆ ರಿಫ್ರೆಶ್ ಒತ್ತಿರ್ತಾರೆ, ಸಾಲು ಇನ್ನೂ ಉದ್ದ. 8 ಕೋರ್ ತಗೊಂಡಿದ್ದರೆ? ಸೆಕೆಂಡಿಗೆ 13. ತಿಂಗಳ ಬಾಡಿಗೆ ನಾಲ್ಕರಷ್ಟು ಕಟ್ಟಿಯೂ ಅದೇ 504. ಮೂರು ವೆಬ್ ಸರ್ವರ್ ಇಟ್ಟರೆ ಮೂರೂ ಸೇರಿ ಅದೇ ಒಂದು ಡೇಟಾಬೇಸ್ ಮೇಲೆ ಬೀಳುತ್ತವೆ, ಪರಿಸ್ಥಿತಿ ಇನ್ನೂ ಕೆಡುತ್ತೆ.

ಮಾರುಕಟ್ಟೆ, ಬಗೆ, ದಿನಾಂಕ ಈ ಮೂರೂ ಸೇರಿಸಿ, ಇದೇ ಕ್ರಮದಲ್ಲಿ ಒಂದು ಇಂಡೆಕ್ಸ್ (ಬೇಗ ಹುಡುಕೋಕೆ ಪುಸ್ತಕದ ಸೂಚಿ ತರಹದ್ದು) ಹಾಕಿ. ಆಮೇಲೆ ಎನ್‌ಜಿನ್‌ಎಕ್ಸ್‌ನ ಫಾಸ್ಟ್‌ಸಿಜಿಐ ಕ್ಯಾಶ್ 30 ಸೆಕೆಂಡಿಗೆ, ಅಂದ್ರೆ ಒಮ್ಮೆ ತಯಾರಾದ ಪುಟವನ್ನೇ ಅಷ್ಟು ಹೊತ್ತು ಎಲ್ಲರಿಗೂ ಕೊಡೋದು. ನಿಮ್ಮ ಪುಟ ಎಲ್ಲರಿಗೂ ಒಂದೇ ಅಲ್ವಾ, ನೋಡುವವರು ಲಾಗಿನ್ ಆಗೋದಿಲ್ಲ. ಕ್ಯಾಶ್ ಲಾಕ್ ಕೂಡ ಆನ್ ಇರಲಿ. ಇಲ್ಲಾಂದ್ರೆ ಕ್ಯಾಶ್ ಅವಧಿ ಮುಗಿದ ಕ್ಷಣ ನಲವತ್ತು ಜನಕ್ಕೂ ನಲವತ್ತು ಸಲ ಪುಟ ತಯಾರಾಗುತ್ತೆ. ಅಡ್ಮಿನ್ ಪುಟಗಳನ್ನ ಕ್ಯಾಶ್‌ನಿಂದ ಹೊರಗಿಡಿ, ಮರೀಬೇಡಿ.

ಸಾಗರ_ಧಾರಣೆ:
ಇಂಡೆಕ್ಸ್ ಹಾಕಿದ ಮೇಲೆ ಕ್ವೆರಿ 4 ಮಿಲಿಸೆಕೆಂಡ್. ಪುಟ ಪೂರ್ತಿ 40 ಮಿಲಿಸೆಕೆಂಡ್. ಕ್ಯಾಶ್ ಕೂಡ ಆಯ್ತು. ನಿನ್ನೆ ಹೊಸನಗರ, ಸಾಗರ, ತೀರ್ಥಹಳ್ಳಿ ಮೂರಕ್ಕೂ ರಜೆ ಇತ್ತು, ಲೋಡ್ 1 ದಾಟಲಿಲ್ಲ. ತುಂಬಾ ಉಪಕಾರ ಆಯ್ತು. ಹಾಗಾದ್ರೆ ಸರ್ವರ್ ದೊಡ್ಡದು ಮಾಡೋ ಕಾಲ ಬಂತು ಅಂತ ಗೊತ್ತಾಗೋದು ಹೇಗೆ? ಆಟೋಸ್ಕೇಲಿಂಗ್ ಹಾಕಿಡಬೇಕಾ?

ಮಂಡಗದ್ದೆ_ಲಿನಕ್ಸ್:
ನಿಮಗೆ ಆಟೋಸ್ಕೇಲಿಂಗ್ ಹೊಂದಲ್ಲ. ಲೋಡ್ ಏರಿದ್ದು ಗೊತ್ತಾಗಿ, ಹೊಸ ಯಂತ್ರ ಎದ್ದು, ಕೆಲಸಕ್ಕೆ ಸೇರೋಕೆ ಕೆಲವು ನಿಮಿಷ ಬೇಕು. ನಿಮ್ಮ ದಟ್ಟಣೆ ಏರೋದು ಎರಡೇ ನಿಮಿಷದಲ್ಲಿ. ನಿಧಾನಕ್ಕೆ ಏರೋ ಲೋಡ್‌ಗೆ ಅದು ಒಳ್ಳೇದು.

ಸರಾಸರಿ ನೋಡಬೇಡಿ, ದಿನದ ಅತಿ ದಟ್ಟ ಹತ್ತು ನಿಮಿಷ ನೋಡಿ. ಕ್ವೆರಿ, ಕ್ಯಾಶ್ ಎಲ್ಲ ಸರಿ ಇದ್ದೂ ಆ ಹೊತ್ತಲ್ಲಿ ಸಿಪಿಯು ವಾರಗಟ್ಟಲೆ 60-70% ದಾಟ್ತಿದ್ದರೆ, ಅಥವಾ ಸ್ವಾಪ್ ಬಳಕೆ (ರ‍್ಯಾಮ್ ಸಾಲದೆ ಡಿಸ್ಕ್ ಬಳಸೋದು) ಶುರುವಾದರೆ, ದೊಡ್ಡದು ಮಾಡಿ. ಮೊದಲು ಅದೇ ಯಂತ್ರವನ್ನ 4 ಕೋರ್, 8 ಜಿಬಿ. ರೀಬೂಟ್ ಬೇಕಾಗುತ್ತೆ, ಹಾಗಾಗಿ ಮೇ ತಿಂಗಳಲ್ಲೇ ಮಾಡಿ ಮುಗಿಸಿ. ಬಹಳ ಕಡೆ ಕೋರ್ ಮತ್ತು ರ‍್ಯಾಮ್ ಮಾತ್ರ ಏರಿಸಿದರೆ ಮಳೆಗಾಲ ಮುಗಿದ ಮೇಲೆ ಇಳಿಸಬಹುದು. ಡಿಸ್ಕ್ ಏರಿಸಿದರೆ ಇಳಿಸೋಕೆ ಬಿಡಲ್ಲ. ಅದೂ ಸಾಲದಾದಾಗ ಡೇಟಾಬೇಸ್ ಬೇರೆ ಯಂತ್ರಕ್ಕೆ. ಎರಡನೇ ವೆಬ್ ಸರ್ವರ್ ಆಮೇಲಿನ ಮಾತು.

ಇನ್ನೊಂದು: ಟೆಲಿಗ್ರಾಂನಲ್ಲಿ ಬರೀ ಲಿಂಕ್ ಹಾಕ್ಬೇಡಿ. ಯಾವ ತಾಲ್ಲೂಕು, ಯಾವ ದಿನ, ಅಂಗನವಾಡಿಗೂ ಇದೆಯಾ, ಕಾಲೇಜಿಗೂ ಇದೆಯಾ ಎಲ್ಲ ಸಂದೇಶದಲ್ಲೇ ಬರೀರಿ. ಕಾಡಿನ ಮಧ್ಯೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಕೂತ ತಾಯಿಗೆ ಪುಟ ತೆರೆಯೋ ಕಷ್ಟವೂ ತಪ್ಪುತ್ತೆ.

ಗಾಜನೂರು_ಡೆವ್:
ಒಂದು ಮಾತಿಗೆ ನನ್ನ ತಕರಾರಿದೆ. ಲೋಡ್‌ಗೆ ಎರಡನೇ ಸರ್ವರ್ ಬೇಡ, ಒಪ್ಪಿದೆ. ಆದ್ರೆ ಇದು ನೀರಿನ ಮಟ್ಟ ತೋರಿಸೋ ಸೈಟ್. ತುಂಗಾ ಗೇಟ್ ತೆಗೆದ ರಾತ್ರಿ ನದಿ ದಂಡೆಯ ಮನೆಯವರು ಅದನ್ನ ನೋಡಿ ಸಾಮಾನು ಎತ್ತಿಡ್ತಾರೆ. ಅವತ್ತೇ ಯಂತ್ರ ಕೆಟ್ಟರೆ ಎಷ್ಟು ಕೋರ್ ಇದ್ದೂ ಏನು ಬಂತು?

ಮಂಡಗದ್ದೆ_ಲಿನಕ್ಸ್:
ನಿಜ, ಅದು ಬೇರೆಯೇ ಪ್ರಶ್ನೆ, ಗಂಭೀರವಾದದ್ದು. ಸುಲಭ ದಾರಿ: ಮಟ್ಟ ಮತ್ತು ರಜೆ ಪುಟಗಳನ್ನ ಪ್ರತಿ ನಿಮಿಷ ಸಾದಾ ಎಚ್‌ಟಿಎಂಎಲ್ ಫೈಲಾಗಿ ಬರೆದು ಬೇರೊಂದು ಕಡೆ ಇಡಿ, ಮುಂದೆ ಸಿಡಿಎನ್ (ಪುಟದ ಪ್ರತಿಯನ್ನ ಹಲವು ಕಡೆಯಿಂದ ಕೊಡೋ ಸೇವೆ) ಹಾಕಿ. ಕ್ಲೌಡ್‌ಫ್ಲೇರ್ ಆದರೆ ನೆನಪಿಡಿ, ಅದು ತಾನಾಗಿ ಎಚ್‌ಟಿಎಂಎಲ್ ಕ್ಯಾಶ್ ಮಾಡಲ್ಲ, ನಿಯಮ ಬರೀಬೇಕು. ಪುಟದ ಮೇಲೆ "ಇಷ್ಟು ಗಂಟೆಯ ಮಾಹಿತಿ" ಅಂತ ದೊಡ್ಡ ಅಕ್ಷರದಲ್ಲಿ ಇರಲೇಬೇಕು. ಹಳೇ ಮಟ್ಟವನ್ನ ಈಗಿನದು ಅಂತ ಯಾರೂ ನಂಬಬಾರದು.

ಸಾಗರ_ಧಾರಣೆ:
ಇದೇ ಮಾಡ್ತೇವೆ. ಫೈಲ್ ಬರೆಯೋ ಸ್ಕ್ರಿಪ್ಟ್ ಈ ವಾರವೇ. ಮುಂದೆ ಎರಡನೇ ಸರ್ವರ್ ಇಟ್ಟರೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡೋ ಕೆಲಸಗಳು) ಎರಡರಲ್ಲೂ ಓಡಬೇಕಾ?

ಮಂಡಗದ್ದೆ_ಲಿನಕ್ಸ್:
ಒಂದರಲ್ಲೇ. ಇಲ್ಲಾಂದ್ರೆ ಕ್ರಾನ್ ಕಳಿಸೋ ಪ್ರತಿ ಸಂದೇಶವೂ ಎರಡೆರಡು ಸಲ ಹೋಗುತ್ತೆ. ಅಪ್‌ಲೋಡ್ ಮಾಡಿದ ಚಿತ್ರಗಳು ಎರಡಕ್ಕೂ ಸಿಗೋ ಜಾಗದಲ್ಲಿ, ಅಡ್ಮಿನ್ ಸೆಷನ್ (ಲಾಗಿನ್ ಮಾಹಿತಿ) ಎರಡೂ ಹಂಚಿಕೊಳ್ಳೋ ರೆಡಿಸ್ ಡೇಟಾಬೇಸ್‌ನಲ್ಲಿ. ಆ ಹೊತ್ತಿಗೆ ಬೇರೆ ಪ್ರಶ್ನೆ ಹಾಕಿ, ಕೂತು ಮಾಡೋಣ.