ಒಂದ್ ಟನ್ ನಿಸಾನ್ ಗಾಡಿ: ಸೈಲೆನ್ಸರ್ ಪ್ಯಾಕಿಂಗ್ ಮೂರ್ ಸಲ ಹಾರೈತಿ, ಏನ್ ಮಾಡ್ಲಿ?

ಪ್ರಶ್ನೆ (ಉಣಕಲ್, ಹುಬ್ಬಳ್ಳಿ):
ಉಸ್ತಾದ್ರ ನಮಸ್ಕಾರ್ರಿ. ನನ್ನ ಹತ್ರ ಮಿಲಿಟರಿ ಡಿಸ್ಪೋಸಲ್‌ದಾಗ ಬಂದಿದ್ದ ಒಂದ್ ಟನ್ ನಿಸಾನ್ ಟ್ರಕ್ ಐತ್ರಿ, ಜಬಲಪುರದಾಗ ತಯಾರಾದದ್ದು, ಆರು ಸಿಲಿಂಡರ್ ಪೆಟ್ರೋಲ್. ಎರಡು ವರ್ಷದಿಂದ ರಿಸ್ಟೋರ್ ಮಾಡಾಕತ್ತೀನಿ, ಬ್ರೇಕು ವೈರಿಂಗ್ ಬಾಡಿ ಎಲ್ಲಾ ಮುಗದೈತಿ. ಹಳೇ ಸೈಲೆನ್ಸರ್ ಜಂಗ ತಿಂದು ಜರಡಿ ಆಗಿತ್ತು, ಹಂಗಾಗಿ ಇಲ್ಲೇ ಒಂದ್ ಕಡೆ ಹೊಸಾ ಪೈಪು ಸೈಲೆನ್ಸರ್ ಮಾಡ್ಸಿ ಹಾಕ್ಸಿದೆ. ಹತ್ತ ದಿನ ಚಲೋ ಇತ್ತು, ಆಮ್ಯಾಲ ಮ್ಯಾನಿಫೋಲ್ಡ್ (ಇಂಜಿನ್ ಹೊಗಿ ಕೂಡಿಸಿ ಪೈಪಿಗೆ ಬಿಡೂ ಭಾಗ) ಕೆಳಗಿನ ಫ್ಲ್ಯಾಂಜ್ (ಪೈಪು ಬಂದು ಕೂಡೂ ಚಪ್ಪಟಿ ಅಂಚು) ಪ್ಯಾಕಿಂಗ್ (ಸಂದಿ ಮುಚ್ಚೂ ಗ್ಯಾಸ್ಕೆಟ್) ಹಾರಿ ಚಟ್ ಚಟ್ ಸಪ್ಪಳ ಚಾಲೂ ಆತು. ಹೊಸಾದ್ ಹಾಕಿದೆ, ಮತ್ತ ಹೋತು. ಈಗ ಮೂರನೇದೂ ಹೋತು, ಅದನ್ನ ಬಿಗಿಯೂ ಒಂದ್ ಸ್ಟಡ್ಡೂ (ತಲಿ ಇಲ್ಲದ ಬೋಲ್ಟ್) ಮುರದೈತಿ. ಎರಡು ಪ್ಯಾಕಿಂಗ್ ಕೂಡಿಸಿ ಹಾಕ್ಲೇನ್ರಿ, ಇಲ್ಲಾ ಫ್ಲ್ಯಾಂಜ್‌ಗೆ ವೆಲ್ಡಿಂಗ್ ಹೊಡಸಿಬಿಡ್ಲೇನು? ಇನ್ನೊಂದು, ಕ್ಯಾಬಿನ್‌ನ್ಯಾಗ ಅರ್ಧಾ ತಾಸು ಕುಂತ್ರ ತಲಿನೋವು ಬರಾಕತ್ತೈತಿ.

ಉತ್ತರ (ಗ್ಯಾರೇಜ್ ಮಿಸ್ತ್ರಿ, ಗೋಕುಲ ರೋಡ್):
ತಮ್ಮಾ, ಮದಲ ತಲಿನೋವಿಂದ ಮಾತಾಡೂಣು. ಗಾಡಿ ಇವತ್ತ ನಿಲ್ಲಸು. ಪೆಟ್ರೋಲ್ ಇಂಜಿನ್ ಹೊಗಿಯೊಳಗ ಕಾರ್ಬನ್ ಮೊನಾಕ್ಸೈಡ್ ಇರತೈತಿ, ಅದಕ್ಕ ವಾಸನಿ ಇಲ್ಲ ಬಣ್ಣ ಇಲ್ಲ, ತಲಿನೋವು, ತಲಿ ತಿರಗೂದು, ನಿದ್ದಿ ಬಂದಂಗ ಆಗೂದು, ಅಷ್ಟರಾಗ ಮನಷ್ಯಾನ ಕೈಕಾಲು ಸೋಲತಾವು. ಲೀಕ್ ಬಂದ್ ಆಗೂತನಕ ಮನಿ ಮಕ್ಕಳನ್ನ ಕೂಡಸ್ಕೊಂಡು ಒಂದ್ ರೌಂಡೂ ಬ್ಯಾಡ, ಶೆಡ್ ಬಾಗಲಾ ಹಾಕಿ ಇಂಜಿನ್ ಚಾಲೂ ಮಾಡೂದಂತೂ ಬ್ಯಾಡವೇ ಬ್ಯಾಡ.

ಇನ್ನ ಪ್ಯಾಕಿಂಗ್. ಮೂರು ಹೋದಾವು ಅಂದ್ರ ತಪ್ಪು ಪ್ಯಾಕಿಂಗ್‌ದಲ್ಲ. ಒಂದ್ ಕೇಳತೀನಿ ಹೇಳು, ಹೊಸಾ ಸೈಲೆನ್ಸರ್‌ನ ಚಾಸಿಗೆ ಹೆಂಗ್ ಕಟ್ಟ್ಯಾರ? ರಬ್ಬರ್ ಐತೋ, ಆಂಗಲ್ ಇಟ್ಟು ವೆಲ್ಡಿಂಗೋ?

ಪ್ರಶ್ನೆ ಕೇಳಿದವರು:
ಎರಡೂ ಕಡೆ ಆಂಗಲ್ ಇಟ್ಟು ಗಟ್ಟಿ ವೆಲ್ಡಿಂಗ್ ಮಾಡ್ಯಾರ್ರಿ. ರಬ್ಬರ್ ಇಲ್ಲ. ಅಲುಗಾಡಬಾರ್ದು ಅಂತ ನಾನೇ ಹೇಳಿದ್ದೆ.

ಉತ್ತರ:
ಹಾಂ, ಅಲ್ಲೇ ಐತಿ ನೋಡು. ಇಂಜಿನ್ ಕುಂತದ್ದು ರಬ್ಬರ್ ಮೌಂಟಿನ ಮ್ಯಾಲೆ, ನೀ ಆಕ್ಸಿಲೇಟರ್ ಒತ್ತಿದಾಗೆಲ್ಲಾ ಅದು ಒಂದ್ ಮಗ್ಗಲಕ್ಕ ವಾಲತೈತಿ, ಚಾಸಿ ಇದ್ದಲ್ಲೇ ಇರತೈತಿ, ನಡುವ ಪೈಪು ಎರಡೂ ಕಡೆ ಹಿಡಕೊಂಡೈತಿ, ಹಂಗಾರ ಆ ಎಳೆತ ಎಲ್ಲಾ ಹೋಗಿ ಬೀಳೂದು ಫ್ಲ್ಯಾಂಜಿನ ಮ್ಯಾಲೆ. ಅದರ ಮ್ಯಾಲೆ ಪೈಪು ಕಾಯ್ದಾಗ ಉದ್ದಕ್ಕ ಬೆಳೀತೈತಿ, ಅದಕ್ಕೂ ಜಾಗಾ ಇಲ್ಲ. ಪ್ಯಾಕಿಂಗ್ ಹಾರಿತು, ಆಮ್ಯಾಲ ಸ್ಟಡ್ ಮುರೀತು, ಹಿಂಗ ಬಿಟ್ರ ಮುಂದಿನದು ಮ್ಯಾನಿಫೋಲ್ಡ್. ಬೀಡ (ಎರಕದ ಕಬ್ಬಣ) ಮ್ಯಾನಿಫೋಲ್ಡ್ ಸೀಳಿತು ಅಂದ್ರ ಈ ಗಾಡಿಗೆ ಹೊಸಾದ್ ಎಲ್ಲಿಂದ ತರ್ತಿ? ಫ್ಲ್ಯಾಂಜ್ ವೆಲ್ಡಿಂಗ್ ಮಾಡಿಬಿಟ್ರ ಆ ಸೀಳೂದು ಇನ್ನೂ ಲಗೂ ಆಗತೈತಿ, ಮುಂದ ಬಿಚ್ಚೂ ದಾರೀನೂ ಬಂದ್. ಎರಡು ಪ್ಯಾಕಿಂಗ್ ಕೂಡಸೂದೂ ಬ್ಯಾಡ, ದಪ್ಪ ಇದ್ದಷ್ಟು ಕಾಯ್ದಾಗ ಕುಂದರತೈತಿ, ನಟ್ ಸಡ್ಲ ಆಗತಾವು.

ಮುರದ್ ಸ್ಟಡ್ ತಗಿಯಾಕ ಗಡಬಡಿ ಮಾಡಬ್ಯಾಡ. ತುಂಡು ಹೊರಗ ಕಾಣತಿದ್ರ ಅದರ ಮ್ಯಾಲೆ ಒಂದ್ ನಟ್ ಇಟ್ಟು ನಟ್ಟಿನ ತೂತಿನೊಳಗಿಂದ ವೆಲ್ಡಿಂಗ್ ಹೊಡಸು, ಆ ಕಾವಿಗೇ ಅರ್ಧಾ ಜಂಗ ಬಿಡತೈತಿ. ಒಂದ್ ಸ್ವಲ್ಪ ತಣ್ಣಗಾಗೂದ್ರಾಗ ಮೇಣದಬತ್ತಿ ಮುಟ್ಟಸು, ಮೇಣ ಕರಗಿ ಥ್ರೆಡ್ಡಿನೊಳಗ ಇಳೀತೈತಿ, ಆಮ್ಯಾಲ ಪಾನಾ ಹಾಕಿ ಹಿಂದ ಮುಂದ ಹಿಂದ ಮುಂದ ಅಂತ ಸಣ್ಣಗ ಆಡಿಸ್ಕೋಂತ ತಗಿ. ಕಾಯ್ದ ಬೀಡಿಗೆ ನೀರ್ ಮಾತ್ರ ಹಾಕಬ್ಯಾಡ, ಟಪ್ ಅಂತ ಸೀಳತೈತಿ, ಹಂಗ ಸೀಳಿದ್ದ ಎರಡು ಮ್ಯಾನಿಫೋಲ್ಡ್ ನಾ ಕಣ್ಣಾರೆ ನೋಡೀನಿ, ಇವತ್ತಿಗೂ ಹೊಟ್ಟಿ ಉರೀತೈತಿ. ಹೊಸಾ ಸ್ಟಡ್ಡಿಗೆ ಹಿತ್ತಾಳಿ ನಟ್ ಹಾಕು, ಅದು ಕಬ್ಬಣಕ್ಕ ಹತ್ತಗೊಂಡು ಕುಂದರೂದಿಲ್ಲ. ಪ್ಯಾಕಿಂಗ್ ಇಡೂಕಿಂತ ಮದಲ ಫ್ಲ್ಯಾಂಜಿನ ಮ್ಯಾಲೆ ನೆಟ್ಟನ ಸ್ಕೇಲ್ ಇಟ್ಟು ಬೆಳಕಿಗೆ ಹಿಡದ್ ನೋಡು. ಬೋಲ್ಟ್ ಇದ್ದ ಕಡೆ ಬಾಗಿ ನಡುವ ಸಂದಿ ಕಂಡ್ರ ಲೇಥ್‌ಗೆ ಕೊಟ್ಟು ಮಟ್ಟ ಹೊಡಸು, ಸೊಟ್ಟ ಫ್ಲ್ಯಾಂಜಿಗೆ ಯಾವ ಪ್ಯಾಕಿಂಗೂ ನಿಲ್ಲೂದಿಲ್ಲ.

ಈಗ ಫಿಟಿಂಗ್, ಎಲ್ಲಾರೂ ತಪ್ಪೂದು ಇಲ್ಲೇ. ಮ್ಯಾನಿಫೋಲ್ಡಿಂದ ತುದೀ ಪೈಪಿನತನಕ ಎಲ್ಲಾ ಸಡ್ಲಾಗಿ ತೂಗಿಬಿಡು, ಒಂದೂ ನಟ್ ಬಿಗೀಬ್ಯಾಡ. ಕೈಯಾಗ ಎತ್ತಿ ಹಿಡದ್ರ ಪೈಪು ತಾನಾಗೇ ಫ್ಲ್ಯಾಂಜಿಗೆ ಬಂದು ಕೂಡಬೇಕು. ಜ್ಯಾಕ್ ಹಚ್ಚಿ ಒತ್ತಿ ಬೋಲ್ಟ್ ತೂರಸೂ ಪರಿಸ್ಥಿತಿ ಇದ್ರ ಬೆಂಡ್ ತಪ್ಪೈತಿ, ಮತ್ತ ಮಾಡಸು. ಅದಕ್ಕ ಹಳೇ ಜರಡಿ ಪೈಪು ಗುಜರಿಗೆ ಹಾಕಬಾರ್ದು, ಅಳತಿ ಎಲ್ಲಾ ಅದರಾಗೇ ಇರತೈತಿ. ಪಾಟಾ (ಸ್ಪ್ರಿಂಗ್ ಪಟ್ಟಿ) ಮ್ಯಾಲೆ ಬಂದಾಗ, ಪ್ರಾಪೆಲರ್ ಶಾಫ್ಟ್ (ಗಾಲಿ ತಿರಗಸೂ ದಂಡ) ಆಡಿದಾಗ ಪೈಪಿಗೆ ತಾಗಬಾರ್ದು, ಪೆಟ್ರೋಲ್ ಲೈನು ಬ್ರೇಕಿನ ಹೋಸು ದೂರ ಇರಬೇಕು, ಮ್ಯಾಲೆ ಕಟಗಿ ಹಲಗಿ ಇದ್ರ ನಡುವ ತಗಡು ಕೊಡು. ಮದಲ ಫ್ಲ್ಯಾಂಜ್ ಬಿಗಿ, ಆಮ್ಯಾಲ ಹಿಂದಕ್ಕ ಸರಕೋಂತ ಹೋಗು, ಆಂಗಲ್ ಕತ್ತರಿಸಿ ಒಗದು ರಬ್ಬರ್ ಹ್ಯಾಂಗರ್ ಹಾಕು. ಮ್ಯಾನಿಫೋಲ್ಡೇ ಬಿಚ್ಚಿದ್ರ ನಡುವಿಂದ ಎರಡೂ ಕಡಿಗೆ ಸ್ವಲ್ಪ ಸ್ವಲ್ಪ ಬಿಗೀಕೋಂತ ಹೋಗಬೇಕು. ಒಂದ್ ಸಲ ಚಲೋತ್ನಾಗಿ ಕಾಯಸಿ, ಪೂರ್ತಿ ತಣ್ಣಗಾದ ಮ್ಯಾಲೆ ಮತ್ತೊಮ್ಮೆ ಪಾನಾ ಹಚ್ಚಿ ನೋಡು.

ಹಾವೇರಿಯಿಂದ ಒಬ್ಬರು:
ನಡಕ ಬಂದೆ ಅಂತ ಸಿಟ್ಟಾಗಬ್ಯಾಡ್ರಿ ಉಸ್ತಾದ್ರ. ನನ್ನ ಹಳೇ ಜೀಪಿಗೆ ಬೋರಿನ ಜಿಐ ಪೈಪು ಬೆಂಡ್ ಮಾಡಿ ಹಾಕ್ಬೋದೇನ್ರಿ? ಹೊಲದಾಗ ಹತ್ತ ಫೂಟ್ ಉಳದೈತಿ.

ಉತ್ತರ:
ಬ್ಯಾಡ್ರಿ ಅಣ್ಣಾರ. ಅದರ ಮ್ಯಾಲೆ ಜಿಂಕ್ ಇರತೈತಿ, ವೆಲ್ಡಿಂಗ್ ಹಚ್ಚಿದ ಕೂಡ್ಲೇ ಬಿಳೇ ಹೊಗಿ ಬರತೈತಲ್ಲ, ಅದನ್ನ ಕುಡದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರತಾವು. ನಮ್ಮ ಹುಡುಗುರು ಹಂಗ ಮಲಗಿದ್ದು ನೋಡೀನಿ. ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪು ತಗೋರಿ, ಒಳಗಿನ ಅಳತಿ ಮ್ಯಾನಿಫೋಲ್ಡ್ ಬಾಯಿಗೆ ಸರಿ ಇರಲಿ, ಬೆಂಡಿನ್ಯಾಗ ಚಪ್ಪಟಿ ಆಗಬಾರ್ದು. ವೆಲ್ಡಿಂಗ್ ಮಾಡೂಮುಂದ ಬ್ಯಾಟರಿ ಟರ್ಮಿನಲ್ ಬಿಚ್ಚೂದು ಮರೀಬ್ಯಾಡ್ರಿ.

ಗದಗಿಂದ ಒಬ್ಬ ಅಕ್ಕ:
ನಮ್ಮಪ್ಪಾರದು ಜೋಂಗಾ (ಮಿಲಿಟರಿ ಜೀಪು) ಐತ್ರಿ, ವರ್ಷಕ್ಕ ನಾಕೈದು ಸಲ ಅಷ್ಟ ಹೊರಗ ತಗಿತೀವಿ. ಹೊಸಾ ಸೈಲೆನ್ಸರ್ ಮೂರೇ ವರ್ಷಕ್ಕ ತೂತ್ ಬಿತ್ತು. ಓಡಸದನ ಹೆಂಗ್ರಿ ಹಾಳಾಗತೈತಿ?

ಉತ್ತರ:
ಓಡಸದ್ದಕ್ಕ ಹಾಳಾತ್ರಿ ಅಕ್ಕಾರ. ಒಂದ್ ಲೀಟರ್ ಪೆಟ್ರೋಲ್ ಸುಟ್ರ ಹೆಚ್ಚುಕಮ್ಮಿ ಒಂದ್ ಲೀಟರ್ ನೀರೇ ಹುಟ್ಟತೈತಿ, ಉಗಿ ಆಗಿ ಹೋಗಬೇಕು ಅದು. ಐದು ಮಿನಿಟ್ ಚಾಲೂ ಮಾಡಿ ಬಂದ್ ಮಾಡಿದ್ರ ಸೈಲೆನ್ಸರ್ ಕಾಯೂದಿಲ್ಲ, ನೀರು ಒಳಗ ನಿಂತು ಒಳಗಿಂದನ ಜಂಗ ತಿಂತೈತಿ. ತಗದ್ರ ಅರ್ಧಾ ತಾಸಾದ್ರೂ ರೋಡಿನ ಮ್ಯಾಲೆ ಓಡಸ್ರಿ. ಸೈಲೆನ್ಸರ್ ತಗ್ಗಿನ ಕಡೆ ಮೂರ್ ಎಂ.ಎಂ. ತೂತ್ ಒಂದ್ ಹಾಕಸ್ರಿ, ನೀರು ಇಳದು ಹೋಗತೈತಿ. ನಿಮ್ಮ ಜೋಂಗಾದ್ದೂ ಈ ತಮ್ಮನ ಒಂದ್ ಟನ್‌ದೂ ಒಂದೇ 3956 ಸಿಸಿ ಇಂಜಿನ್, ಹಂಗಾಗಿ ಮ್ಯಾಲೆ ಬರದದ್ದು ನಿಮಗೂ ಆಗತೈತಿ.

ಪ್ರಶ್ನೆ ಕೇಳಿದವರು:
ನಾಳೇನ ಆಂಗಲ್ ಕತ್ತರಿಸ್ತೀನ್ರಿ. ಲೀಕ್ ನಿಂತೈತಿ ಅಂತ ಖಾತ್ರಿ ಮಾಡ್ಕೊಳ್ಳೂದು ಹೆಂಗ? ಆಮ್ಯಾಲ ಸೈಲೆನ್ಸರ್‌ಗೆ ಮಿಲಿಟರಿ ಹಸರ ಬಣ್ಣ ಹಚ್ಲೇನ್ರಿ?

ಉತ್ತರ:
ಬಯಲಾಗ ನಿಲ್ಲಿಸಿ ತಣ್ಣನ ಇಂಜಿನ್ ಚಾಲೂ ಮಾಡು, ಒಬ್ಬಾವ ತುದೀ ಪೈಪಿಗೆ ದಪ್ಪನ ಹಸೀ ಅರಬಿ ಒಂದೆರಡು ಸೆಕೆಂಡ್ ಒತ್ತಿ ಹಿಡೀಲಿ, ನೀ ಜೋಡಿಗೆಲ್ಲಾ ಸಬಕಾರದ ನೀರ್ ಹಚ್ಚಿ ನೋಡು, ಗುಳ್ಳಿ ಎದ್ದಲ್ಲಿ ಲೀಕ್. ಪೈಪಿನ ತುದಿ ಬಾಡಿ ದಾಟಿ ಹೊರಗ ಬರಬೇಕು, ತಾಡಪತ್ರಿ ಹೊದಿಸಿದ ಗಾಡಿ ಓಡೂಮುಂದ ಹಿಂದಿನ ಗಾಳಿ ಹೊಗಿನ ಒಳಗ ಎಳಕೊಳ್ಳತೈತಿ. ನಿನ್ನ ತಲಿನೋವಿನ್ಯಾಗ ಅದರ ಪಾಲೂ ಇರಬೋದು, ಹಿಂದಿನ ಪಡದಾ ಎತ್ತಿ ನೋಡು.

ಬಣ್ಣ ಅಂದ್ರ ಸಾದಾ ಪೇಂಟ್ ಎರಡೇ ದಿನಕ್ಕ ಸುಟ್ಟು ಹಪ್ಪಳಕಿ ಏಳತೈತಿ, ಕಾವು ತಡಿಯೂ ಕರೇ ಪೇಂಟ್ ಬರತೈತಿ ಅದನ್ನ ಹಚ್ಚು. ಇನ್ನ ಆಲಿವ್ ಗ್ರೀನ್ ಮಾತು ಬಂತು ಅಂತ ಹೇಳತೀನಿ, 1989ರ ಮೋಟಾರು ವಾಹನ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆ ಗಾಡಿಗೆ ಅಷ್ಟ, ನಮ್ಮ ಹೆಸರಿನ ಗಾಡಿಗೆ ಹಚ್ಚಂಗಿಲ್ಲ. ಬಾಡಿಗೂ ಅದನ್ನ ಹೊಡಸಿದ್ರ ರಸ್ತಾಕ್ಕ ಇಳಸೂಕಿಂತ ಮದಲ ಬದಲ್ ಮಾಡಸು ತಮ್ಮಾ.

ಆಂಗಲ್ ತಗದ್ ಮ್ಯಾಲೆ ಫ್ಲ್ಯಾಂಜಿನ ಫೋಟೋ ಹಾಕು, ಸ್ಕೇಲ್ ಇಟ್ಟು ತಗಿ.